ಬೆಂಚಿನ ಮೇಲೆ ನಿಲ್ಲು

ಗುರುವಾರಕ್ಕೆ ಕೂಪನ್ನಿನ ಅವಧಿ ಮುಗಿಯುತ್ತಿತ್ತು.
ತಂಗಿಯ ಹೋಟೆಲಿಗೆ ಮೀನು ಹಾಕುವವನು
ಹೊಸ ವರ್ಷಕ್ಕೆಂದು ಕೊಟ್ಟದ್ದು, ಯಾರೂ ಮುಟ್ಟದ್ದು.
ತೊಂಬತ್ತೈದು ಡಾಲರು.
ಮೂರು ತಿಂಗಳು ಲೆಕ್ಕ ಬರೆಯಲೆಂದೇ ಬಂದವಳು ನಾನು,
ನೀರುಪಾಲಾಗಲು ಹೇಗೆ ಬಿಡಲಿ?
ನಾನೇ ಹೋದೆ.

ಕಿಹೇಯ ಕಡಲಂಚು, ಬೆಳಗಿನ ಏಳೂವರೆ.
ಏಳು ಮಂದಿ, ಏಳು ನೀಲಿ ಹಲಗೆ.
ಟಲ್ಸಾದಲ್ಲಿ ಕೊಳಾಯಿ ರಿಪೇರಿಯ ಡೆಲ್ಬರ್ಟ್, ಮೊಣಕಾಲಿಗೆ ಪಟ್ಟಿ;
ಮದುವೆಯಾಗಿ ಆರು ದಿನದ ಜೋಡಿ,
ಆಗಲೇ ಒಂದು ಜಗಳದ ನಡುವಿನಿಂದ ಎದ್ದು ಬಂದಂತಿತ್ತು;
ಒಂದೇ ಬಣ್ಣದ ಟೋಪಿಯ ಮೂವರು ಅಕ್ಕತಂಗಿಯರು;
ಮತ್ತೆ ನಾನು, ಐವತ್ತಾರು,
ಚೂಡಿದಾರದ ಪ್ಯಾಂಟಿನ ಮೇಲೆ ಅವರು ಕೊಟ್ಟ ಬಿಗಿ ಅಂಗಿ,
ಅರಳೆ ತುರುಕಿದ ದಿಂಬು.

ಕಲಿಸುವ ಪುವಾನಾನಿ ಅರವತ್ತರ ಹೆಂಗಸು,
ತೋಳಿನಲ್ಲಿ ಹವಳ ಬರೆದ ಹಳೆಯ ಗಾಯ.
ಮೊದಲು ನಮ್ಮನ್ನು ಇಳಿಸಿದ್ದು ಮರಳಿಗೆ.
ಬೋರಲು ಮಲಗಿ ಅಂದಳು. ಮಲಗಿದೆವು.
ಕೈ ಬಡಿಯಿರಿ. ಬಡಿದೆವು, ಒಣ ಮರಳಿಗೆ.
ನೀರಿಗಿಳಿಯದೆ ಈಜು ಬಾರದೆಂದು
ಗದಗಿನಲ್ಲಿ ನನಗೆ ಹೇಳಿದವರೆಲ್ಲ
ಒಮ್ಮೆ ಬಂದು ನೋಡಬೇಕಿತ್ತು.
ಕೋಳಿಯೊಂದು ನಮ್ಮ ಸಾಲಿನ ನಡುವೆ ಹಾದುಹೋಯಿತು,
ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರ ಹಾಗೆ.

ಆಮೇಲೆ ಅಂದಳು:
ಏಳಿ. ಹಲಗೆಯ ಮೇಲೆ ನಿಲ್ಲಿ.

ಇಪ್ಪತ್ತೇಳು ವರ್ಷ ಈ ಮಾತು ನನ್ನದಾಗಿತ್ತು.
ಏಳು. ಬೆಂಚಿನ ಮೇಲೆ ನಿಲ್ಲು.
ಭಾಗಾಕಾರ ತಪ್ಪಿದವರು, ಪುಸ್ತಕ ತರದವರು,
ನಗಬಾರದಲ್ಲಿ ನಕ್ಕವರು.
ಹಿಂದಿನ ಸಾಲಿನ ಫಕ್ಕೀರೇಶನಂತೂ
ಕೂತದ್ದಕ್ಕಿಂತ ನಿಂತದ್ದೇ ಹೆಚ್ಚು.

ನೀರು ಬೆಚ್ಚಗಿತ್ತು,
ಒಲೆಯಿಂದ ಇಳಿಸಿ ಮರೆತ ನೀರಿನಷ್ಟು.
ಕಾಲಿಗೆ ಹಗ್ಗ: ನನಗೆ ಹಲಗೆಯನ್ನು ಕಟ್ಟಿದ್ದೋ
ಹಲಗೆಗೆ ನನ್ನನ್ನೋ.
ಮೊದಲ ಅಲೆ, ಮೂಗಿನ ತುಂಬ ಉಪ್ಪು.
ಎರಡನೆಯದಕ್ಕೆ ಹಲಗೆ ಹೋಯಿತು, ಹಿಂದೆ ನಾನು.
ಮೂರನೆಯದಕ್ಕೆ ಹೊಸ ಮದುಮಗನ ಮೇಲೆ ಬಿದ್ದೆ;
ಅವಳು ನಕ್ಕಳು, ಜಗಳ ಅಲ್ಲಿಗೆ ಮುಗಿದಿರಬೇಕು.
ಕೆಳಗೆ ಒಂದು ಆಮೆ, ರೊಟ್ಟಿ ಹಂಚಿನಷ್ಟು ಅಗಲ,
ಕಂಡೂ ಕಾಣದಂತೆ ದಾಟಿ ಹೋಯಿತು.
ಡೆಲ್ಬರ್ಟ್ ಒಮ್ಮೆಯೂ ನಿಲ್ಲಲಿಲ್ಲ.
ಹಲಗೆಯ ಮೇಲೆ ಕೂತು ಕಾಲು ಇಳಿಬಿಟ್ಟು
ಸಂತೆಯಿಂದ ಬಂಡಿಯಲ್ಲಿ ಮರಳುವವನ ಹಾಗೆ
ದಂಡೆಗೆ ಬಂದ, ಮತ್ತೆ ಹೋದ, ಮತ್ತೆ ಬಂದ.

ನಾಲ್ಕು, ಐದು, ಬಿಡಿ.
ಆರನೆಯದಕ್ಕೆ ಪುವಾನಾನಿ ಹಿಂದಿನಿಂದ ನೂಕಿ
ಕೂಗಿದಳು: ಟೀಚರ್, ನಿಲ್ಲು!
ಆ ದನಿ ನನಗೆ ಗೊತ್ತಿತ್ತು.
ಅದಕ್ಕೆ ಇಲ್ಲ ಅಂದವರನ್ನು ನಾನು ಕಂಡಿಲ್ಲ.
ನಿಂತೆ.

ಒಂದು. ಎರಡು. ಎರಡೂವರೆ.
ನಾನು ಹೋಗುತ್ತಿರಲಿಲ್ಲ, ದಂಡೆಯೇ ನನ್ನತ್ತ ಬರುತ್ತಿತ್ತು:
ಹಾಲೆಯಾಕಲಾ ಬೆಟ್ಟ, ಹೆಗಲಿಗೆ ಮೋಡ,
ಪಾರ್ಕಿಂಗಿನಲ್ಲಿ ಯಾರೋ ಹಿಂಡುತ್ತಿದ್ದ ಟವೆಲು,
ಮರಳಲ್ಲಿ ನಮ್ಮ ಏಳು ಜೊತೆ ಚಪ್ಪಲಿ,
ನನ್ನವು ಮಾತ್ರ ನೆಟ್ಟಗೆ.

ಇದನ್ನೇ ನೋಡುತ್ತಿದ್ದನೇ ಅವನು?
ಕಿಟಕಿಯಾಚೆ ಹತ್ತಿ ಜಿನ್ನಿನ ಅಂಗಳ,
ತೂಕಕ್ಕೆ ಕಾದ ಬಂಡಿ, ಹಾರುವ ಅರಳೆ,
ಕೂತವರಿಗೆ ಬರೀ ಗೋಡೆ ಕಾಣುವ ಕೋಣೆಯಲ್ಲಿ.
ಅದಕ್ಕೇ ನಗುತ್ತಿದ್ದ.
ಆ ನಗುವಿಗೂ ನಾನು ಎರಡು ಏಟು ಕೊಟ್ಟಿದ್ದೆ.

ಬಿದ್ದೆ.

ರಾತ್ರಿ, ಹೋಟೆಲು ಮುಚ್ಚಿ, ಲೆಕ್ಕದ ಪುಸ್ತಕ ತೆರೆದೆ.
ಕೂಪನ್ನು, ತೊಂಬತ್ತೈದು: ಯಾವ ಖಾತೆಗೆ?
ಬಗ್ಗಿ ಯೋಚಿಸುತ್ತಿದ್ದರೆ ಮೂಗಿನಿಂದ
ಹೇಳದೆ ಕೇಳದೆ ಇಳಿಯಿತು ಕಡಲು,
ಅರ್ಧ ಚಮಚ, ಇನ್ನೂ ಬೆಚ್ಚಗೆ,
ಸರಿಯಾಗಿ ಮೀನಿನ ಬಾಕಿಯ ಮೇಲೆ.
ಒಂಬತ್ತು ಹರಡಿ ಸೊನ್ನೆಯಾಯಿತು.
ಏನಾತು? ತಂಗಿ ಒಳಗಿನಿಂದ ಕೇಳಿದಳು.
ಏನಿಲ್ಲ, ಅಂದೆ. ಶೀನು.